ಸೌತೆಕಾಯಿ ಮತ್ತು ಕಾಣದ ಗ್ರಹಣ

ಸೌತೆಕಾಯಿಯ ತುದಿ ಕೊಯ್ದು ಉಜ್ಜಿದಾಗ ಬರುವ ಹಸಿ ವಾಸನೆಗೆ ಬೇರೆಯವರ ಬಾಯಲ್ಲಿ ನೀರೂರಬಹುದು, ನನಗೆ ಉರ್ದು ಮಾಸ್ತರರು ನೆನಪಾಗುತ್ತಾರೆ. ಮೊನ್ನೆ ಗ್ರಹಣದ ದಿನವೂ ಹಾಗೇ ಆಯಿತು. ಹೆರಿಗೆಗೆ ಬಂದಿರುವ ಮೊಮ್ಮಗಳಿಗೆ ರೊಟ್ಟಿಯ ಜೊತೆ ಸೌತೆಕಾಯಿ ತಿನ್ನುವ ಆಸೆ. ಆದರೆ ಇವತ್ತು ಏನನ್ನೂ ಹೆಚ್ಚಕೂಡದೆಂದು ಅವಳ ಅತ್ತೆ ಫೋನಿನಲ್ಲಿ ಹೇಳಿದ್ದರಂತೆ. ನಾನು ಈಳಿಗೆ ಎಳೆದುಕೊಂಡು ತುದಿ ಕೊಯ್ದೆ, ಅಷ್ಟಕ್ಕೇ ಯಲಬುರ್ಗಾದ ಆ ಓಣಿ ಕಣ್ಣ ಮುಂದೆ ಬಂತು.

ಆಗ ನಮ್ಮದು ನಿಜಾಮರ ಸೀಮೆ. ನನಗೆ ಹತ್ತು ವರ್ಷವಾಗುವವರೆಗೂ ನಮ್ಮ ಮನೆಯೊಳಗೆ ಸೌತೆಕಾಯಿ ಬಂದದ್ದಿಲ್ಲ. ನನ್ನ ಮೇಲ್ತುಟಿ ಹುಟ್ಟುತ್ತಲೇ ಸೀಳಿತ್ತು. ನಾನು ಹೊಟ್ಟೆಯಲ್ಲಿದ್ದಾಗ ಸೂರ್ಯಗ್ರಹಣದ ದಿನ ಅವ್ವ ಸೌತೆಕಾಯಿ ಹೆಚ್ಚಿದ್ದಳಂತೆ. ಅದಕ್ಕೇ ಮಗಳಿಗೆ ಹೀಗಾಯಿತು ಎಂದು ಅಪ್ಪನ ತಾಯಿ, ನಮ್ಮ ಆಯಿ, ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಆಯಿ ಕೆಟ್ಟವಳಲ್ಲ, ಹಿಡಿದ ಮಾತು ಬಿಡುವವಳೂ ಅಲ್ಲ. ಅವ್ವ ಎದುರಾಡುತ್ತಿರಲಿಲ್ಲ. ನನ್ನ ಹಣೆಗೆ ಕುಂಕುಮ ಹಚ್ಚುವಾಗ ಅವಳ ಕಣ್ಣು ಹಣೆಯಿಂದ ಕೆಳಗೆ ಇಳಿಯುತ್ತಿರಲಿಲ್ಲ.

ಮಾಸ್ತರರು ಎದುರು ಮನೆಯಲ್ಲಿ ಬಾಡಿಗೆಗಿದ್ದರು. ಸಾಲೆಯಲ್ಲಿ ಕಲಿಸುವುದು ಉರ್ದುವಿನಲ್ಲಿ, ಮನಸ್ಸಿರುವುದು ಆಕಾಶದಲ್ಲಿ. ವರ್ಷಾ ವರ್ಷಾ ಗದಗಿನಿಂದ ಕನ್ನಡ ಪಂಚಾಂಗ ತರಿಸಿ, ಸೂರ್ಯ ಹುಟ್ಟುವ ಹೊತ್ತನ್ನು ತಮ್ಮ ಜೇಬಿನ ಗಡಿಯಾರದೊಡನೆ ತಾಳೆ ನೋಡುತ್ತಿದ್ದರು. ಸಾಹೇಬರಿಗೆ ಪಂಚಾಂಗ ಯಾಕೆ ಎಂದು ಓಣಿಯವರು ನಗುತ್ತಿದ್ದರು, ಜೊತೆಗೆ ಅವರೂ ನಗುತ್ತಿದ್ದರು. ನಾನು ಅಕ್ಷರ ಕಲಿತದ್ದು ಅವರ ಕಟ್ಟೆಯ ಮೇಲೆ, ಆ ಪಂಚಾಂಗಗಳಿಂದಲೇ. ಆದರೆ ಜೋರಾಗಿ ಓದು ಎಂದರೆ ಒಲ್ಲೆ. ನನ್ನ ಮಾತು ಮೂಗಿನಲ್ಲಿ ಬರುತ್ತಿತ್ತು, ಮಕ್ಕಳು ಅಣಕಿಸುತ್ತಿದ್ದರು.

ಪ್ರಶ್ನೆ ಕೇಳಲು ಮಾತ್ರ ನಾಚಿಕೆಯಿರಲಿಲ್ಲ. ಚಂದ್ರ ನಮ್ಮ ಬಂಡಿಯ ಜೊತೆ ಯಾಕೆ ಬರುತ್ತಾನೆ? ದೂರದ ಗುಡ್ಡವೂ ಬರುತ್ತದಲ್ಲ, ಸರಿಯಾಗಿ ನೋಡು ಎನ್ನುತ್ತಿದ್ದರು. ಹಗಲು ಚುಕ್ಕಿಗಳು ಎಲ್ಲಿ ಹೋಗುತ್ತವೆ? ಎಲ್ಲಿಗೂ ಇಲ್ಲ, ಬಿಸಿಲಲ್ಲಿ ಹಚ್ಚಿಟ್ಟ ಹಣತೆ ಕಾಣುತ್ತದೆಯೇ ಎಂದು ತಿರುಗಿ ಕೇಳುತ್ತಿದ್ದರು. ಭೂಮಿಯೇ ತಿರುಗುತ್ತದೆ ಎಂದದ್ದಕ್ಕೆ ಮುಪ್ಪಿನಲ್ಲಿ ಮನೆಯೊಳಗೇ ಸೆರೆಯಾದ ಒಬ್ಬ ಪಂಡಿತನ ಕಥೆ ಹೇಳಿದ್ದರು. ನನಗೆ ಇಷ್ಟವಾದ ಕಥೆ ಇನ್ನೊಂದು. ದೂರದೇಶದ ಒಬ್ಬ ಹೆಣ್ಣುಮಗಳು, ಮುಖದಲ್ಲಿ ಸಿಡುಬಿನ ಕಲೆ. ಇವಳಿಗೆ ಮದುವೆಯಾಗದೆಂದು ಮನೆಯವರು ಕೈಬಿಟ್ಟಿದ್ದರು. ಅಣ್ಣ ದುರ್ಬೀನಿನ ಕನ್ನಡಿ ಉಜ್ಜುತ್ತ ಕೈ ತೆಗೆಯಲಾಗದಿದ್ದಾಗ ಅವನ ಬಾಯಿಗೆ ತುತ್ತಿಡುತ್ತಿದ್ದಳಂತೆ. ಮುಂದೆ ತಾನೇ ದುರ್ಬೀನಿಗೆ ಕಣ್ಣಿಟ್ಟು ಬಾಲಚುಕ್ಕಿಗಳನ್ನು ಹುಡುಕಿದಳು. ಅವಳ ಹೆಸರು ನನ್ನ ನಾಲಿಗೆಗೆ ಹತ್ತಲಿಲ್ಲ... ಕಲೆಯ ಮುಖ ಮಾತ್ರ ನೆನಪಿನಲ್ಲಿ ಉಳಿಯಿತು.

ಒಂದು ದಿನ ಕೇಳಿಯೇಬಿಟ್ಟೆ, ಗ್ರಹಣ ತುಟಿ ಕೊಯ್ಯುತ್ತದೆಯೇ ಎಂದು. ನಾನು ಹುಟ್ಟಿದ ಸಂವತ್ಸರ ಯಾವುದು, ಗ್ರಹಣ ಯಾವ ತಿಂಗಳೆಂದು ಆಯಿ ಹೇಳುತ್ತಾಳೆ ಎಂದು ಮಾಸ್ತರರು ವಿಚಾರಿಸಿದರು. ಮೂರನೆಯ ದಿನ ಮಧ್ಯಾಹ್ನ ಆ ವರ್ಷದ ಹಳೆಯ ಪಂಚಾಂಗ ಹಿಡಿದು ನಮ್ಮ ಪಡಸಾಲೆಗೆ ಬಂದರು. ಆಯಿ ಕಂಬಳಿ ಹಾಸಿದಳು. ಅವ್ವ ಅಡುಗೆಮನೆಯ ಬಾಗಿಲ ಹಿಂದೆ ನಿಂತಳು. ಮಾಸ್ತರರು ಪಂಚಾಂಗವನ್ನು ನನ್ನ ಕೈಗಿಟ್ಟರು.

"ನಾ ಓದಿದ್ರ ಸಾಹೇಬ ಏನೋ ಹೇಳ್ದ ಅಂತೀರಿ, ಅವ್ವಾರ. ನಿಮ್ಮ ಮೊಮ್ಮಗಳು ಓದ್ಲಿ."

ಒಲ್ಲೆ ಎನ್ನುತ್ತ ಪಂಚಾಂಗ ತಿರುಗಿ ಚಾಚಿದೆ. ಆದರೆ ಬಾಗಿಲ ಸಂದಿಯಲ್ಲಿ ಅವ್ವನ ಸೀರೆಯ ಅಂಚು ಕಾಣುತ್ತಿತ್ತು. ಓದಿದೆ, ಮೂಗಿನಲ್ಲೇ, ಜೋರಾಗಿ. ತಿಥಿ, ವಾರ, ಸೂರ್ಯಗ್ರಹಣ. ಅದರ ಕೆಳಗೆ ಇನ್ನೊಂದು ಸಾಲು: ಈ ಗ್ರಹಣವು ನಮ್ಮ ದೇಶದಲ್ಲಿ ಕಾಣುವುದಿಲ್ಲ, ಆಚರಣೆ ಇಲ್ಲ.

"ಇನ್ನೊಮ್ಮಿ ಓದವಾ" ಎಂದಳು ಆಯಿ. ಮೂರು ಸಲ ಓದಿಸಿದಳು.

ಆದದ್ದಿಷ್ಟು. ಯುಗಾದಿಯ ದಿನ ಗುಡಿಯಲ್ಲಿ ಪಂಚಾಂಗ ಓದುವಾಗ ಗ್ರಹಣದ ಪಾಳಿ ಬರುವುದು ಕೊನೆಗೆ. ಅಷ್ಟರಲ್ಲಿ ಬೇವಿನ ಪಾನಕ ಹಂಚಲು ಶುರುವಾಗಿ ಎಲ್ಲರೂ ತಂಬಿಗೆ ಹಿಡಿದು ಏಳುತ್ತಿದ್ದರು. ಆಯಿಯ ಕಿವಿಗೆ ಬಿದ್ದದ್ದು ಮೊದಲ ಸಾಲು, ಎರಡನೆಯದು ಬೇವಿನ ಗದ್ದಲದಲ್ಲಿ ಹೋಗಿತ್ತು. ಆ ಅರ್ಧ ಸಾಲನ್ನು ಅವ್ವ ಹತ್ತು ವರ್ಷ ಹೊತ್ತಿದ್ದಳು.

ಮರುದಿನ ಆಯಿ ಸಂತೆಗೆ ತಾನೇ ಹೋಗಿ ಉಡಿ ತುಂಬ ಸೌತೆಕಾಯಿ ತಂದು, ಅವ್ವನ ಮುಂದೆ ಈಳಿಗೆ ಇಟ್ಟು, "ಹೆಚ್ಚವಾ, ನಂದು ತಪ್ಪಾತು" ಎಂದಳು. ಅವ್ವ ಹೆಚ್ಚುತ್ತ ಹೆಚ್ಚುತ್ತ ಅತ್ತಳು. ಮೊದಲ ಹೋಳುಗಳಿಗೆ ಉಪ್ಪುಖಾರ ಹಚ್ಚಿ ಎದುರು ಮನೆಗೆ ಕಳಿಸಿದಳು. ಸಂಜೆ ನನ್ನ ಗದ್ದ ಹಿಡಿದೆತ್ತಿ ಮುಖ ಪೂರ್ತಿ ನೋಡಿದಳು.

ತಟ್ಟೆ ಕೊಡಲು ಹೋದಾಗ ಮಾಸ್ತರರನ್ನು ಕೇಳಿದ್ದೆ, ಆ ಗ್ರಹಣ ಇಲ್ಲಿ ಕಂಡಿದ್ದರೆ ತಪ್ಪು ಅವ್ವನದೇ ಆಗುತ್ತಿತ್ತೇ ಎಂದು.

"ಕಂಡಿದ್ರೂ ಅದು ಚಂದ್ರನ ನೆಳ್ಳು, ಬೇಟಿ. ನೆಳ್ಳಿಗೆ ಚಾಕು ಇರೂದಿಲ್ಲ."

ಹಾಗಾದರೆ ಅದನ್ನೇ ಆಯಿಗೆ ಯಾಕೆ ಹೇಳಲಿಲ್ಲ ಎಂದೆ. ಹೋಳು ಕಡಿಯುತ್ತ ನಕ್ಕರು. "ಆಕಿ ನಂಬೂದು ಪಂಚಾಂಗ. ನೆಳ್ಳಿನ ಮಾತು ನಂಬೂತನಕ ನಿಮ್ಮವ್ವ ಇನ್ನ ಎಷ್ಟು ವರ್ಷ ಕಾಯಬೇಕಿತ್ತು?"

ಅವ್ವ ಇರುವವರೆಗೂ ನಮ್ಮ ಮನೆಯಲ್ಲಿ ಸೌತೆಕಾಯಿಯ ಮೊದಲ ಹೋಳು ಮಾಸ್ತರರದೇ. ನಿಜಾಮರ ಸಂಸ್ಥಾನ ಅಳಿದ ವರ್ಷದ ಗದ್ದಲದಲ್ಲಿ ಅವರು ಊರು ಬಿಟ್ಟರು. ಎಲ್ಲಿಗೆ ಎಂದು ಯಾರಿಗೂ ಹೇಳಲಿಲ್ಲ, ಅವ್ವ ಆಮೇಲೂ ಆ ಹೋಳು ತೆಗೆದಿಡುತ್ತಿದ್ದಳು... ಆ ಒಂದು ಪಂಚಾಂಗ ನಮ್ಮಲ್ಲೇ ಉಳಿಯಿತು. ಮುಂದೆ ನನ್ನ ತುಟಿ ಹೊಲಿಸಿದರು, ಮಾತು ಮೂಗಿನಲ್ಲೇ ಉಳಿಯಿತು. ಅದೇ ಮಾತಿನಲ್ಲಿ ಕುಷ್ಟಗಿಯ ಕಡೆ ಒಂದು ಸಾಲೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಜೋರಾಗಿ ಪಾಠ ಓದಿದೆ. ಆ ಋಣಕ್ಕೆ ಅವರಿಗೆ ಒಂದು ಮಾತನ್ನೂ ಹೇಳಲಾಗಲಿಲ್ಲ.

"ಏನರೆ ಆದ್ರ, ಅಜ್ಜಿ?" ಎಂದಳು ಮೊಮ್ಮಗಳು.

"ನೆಳ್ಳಿಗೆ ಚಾಕು ಇರೂದಿಲ್ಲವಾ" ಎಂದು ಈಳಿಗೆ ಅವಳ ಕಡೆ ಸರಿಸಿದೆ. ಅವಳು ಕುಳಿತು ಹೆಚ್ಚತೊಡಗಿದಳು. ಅವ್ವನ ರೂಢಿಯಂತೆ ಮೊದಲ ಹೋಳುಗಳಿಗೆ ಉಪ್ಪುಖಾರ ಹಚ್ಚಿ ತಟ್ಟೆಯಲ್ಲಿಟ್ಟುಕೊಂಡು ಎದ್ದೆ, ಬಾಗಿಲವರೆಗೂ ಬಂದೆ. ಕೊಟ್ಟುಬರಲು ಎದುರು ಮನೆ ಇರಲಿಲ್ಲ.