ಸಹಿ ನೆಕ್ಕುತ್ತಿದ್ದ ಅಣ್ಣ

ನಮ್ಮಣ್ಣ ಸಹಿಯನ್ನು ನೆಕ್ಕಿ ನೋಡುತ್ತಿದ್ದ. ತಮಾಷೆಗೆ ಹೇಳುತ್ತಿಲ್ಲ. ಯಾರಾದರೂ ಹಾಡುಗಾರರ ಫೋಟೋ ತಂದರೆ ಮೊದಲು ಮೂಸುವುದು, ಆಮೇಲೆ ತಂಬಾಕು ತಿಂದು ಕರ್ರಗಾದ ನಾಲಿಗೆಯ ತುದಿಯನ್ನು ಸಹಿಯ ಬಾಲಕ್ಕೆ ಮುಟ್ಟಿಸುವುದು. ಶಾಯಿ ಬಿಟ್ಟರೆ ಕೈಯಿಂದ ಬರೆದದ್ದು, ಬಿಡದಿದ್ದರೆ ಅಚ್ಚಿನದು. ಹಾಗೆ ಎಂಜಲಾದ ಫೋಟೋವನ್ನೇ ಜನ ಕಣ್ಣಿಗೊತ್ತಿಕೊಂಡು ಮನೆಗೆ ಒಯ್ಯುತ್ತಿದ್ದರು. ನೋಡಿದಾಗಲೆಲ್ಲ ನನಗೆ ವಾಕರಿಕೆ ಬರುತ್ತಿತ್ತು.

ಹೆಸರು ಶಿವಲಿಂಗಪ್ಪ. ಗಾಣಗಾಪುರದಲ್ಲಿ ದೇವರ ಪಟಗಳಿಗೆ ಕಟ್ಟು ಹಾಕುವ ಅಂಗಡಿ. ಹೊಟ್ಟೆಪಾಡಿಗೆ ಅದು, ಜೀವವೆಲ್ಲ ತೂಫಾನ್ ಪಾರ್ಟಿಯ ಮೇಲೆ. ಎಪ್ಪತ್ತರ ದಶಕದಲ್ಲಿ ಸೊಲ್ಲಾಪುರದಿಂದ ಬರುತ್ತಿದ್ದ ಈ ಬ್ಯಾಂಡಿನವರು ಉದ್ದ ಕೂದಲು ಬಿಟ್ಟು, ಬೆಲ್‌ಬಾಟಮ್ ತೊಟ್ಟು, ಗಣಪತಿ ಕೂಡಿಸಿದ ದಿನಗಳಲ್ಲಿ ಆಳಂದ, ಅಫಜಲಪುರ, ಜೇವರ್ಗಿಯಲ್ಲಿ ಕರೆಂಟಿನ ಗಿಟಾರು ಹಿಡಿದು ರಾಕ್ ಬಾರಿಸುತ್ತಿದ್ದರು. ಮುದುಕರಿಂದ ಬೈಸಿಕೊಳ್ಳುತ್ತಿದ್ದರು. ಅವರಲ್ಲಿ ಗಿಟಾರಿನ ರಾಜು ಎಂದರೆ ಅಣ್ಣನಿಗೆ ದೇವರು. ಪೆಂಡಾಲಿನ ಬಾಗಿಲಲ್ಲಿ ಮಾರುತ್ತಿದ್ದ ರಾಜುವಿನ ಸಹಿ ಇದ್ದ ಫೋಟೋಗಳನ್ನು ಕೊಂಡು ತಂದು ಅಂಗಡಿಯ ಒಂದು ಗೋಡೆಯನ್ನೇ ತುಂಬಿದ್ದ. ಪಾರ್ಟಿ ಮುರಿದ ಮೇಲೆ ಜನರ ಹುಚ್ಚು ಇನ್ನೂ ಹೆಚ್ಚಿತು, ರಾಜುವಿನ ಹೆಸರಲ್ಲಿ ಖೊಟ್ಟಿ ಸಹಿ ಹಾಕಿ ಮಾರುವವರು ಹುಟ್ಟಿಕೊಂಡರು. ಆಗ ಮೂರೂ ತಾಲೂಕಿನ ಹುಚ್ಚರಿಗೆ ನಮ್ಮಣ್ಣನೇ ನ್ಯಾಯಾಧೀಶ.

"ಮನಷ್ಯಾ ಸುಳ್ಳು ಹೇಳ್ತಾನ್ರಿ, ಶಾಯಿ ಹೇಳಂಗಿಲ್ಲ," ಎನ್ನುತ್ತಿದ್ದ. ಖೊಟ್ಟಿ ಕಂಡರೆ "ಥೂ!" ಎಂದು ಬಾಗಿಲ ಹೊರಗೆ ಉಗುಳಿ, ತಂದವನ ಮುಖವನ್ನೂ ನೋಡದೆ ಫೋಟೋ ದೂಡುತ್ತಿದ್ದ. ನಾನು ಚಿಕ್ಕವಳಿದ್ದಾಗ ಜ್ವರ ಬಂದರೆ ಪಕ್ಕದಲ್ಲಿ ಕೂತು ಹಣೆಗೆ ತಣ್ಣೀರ ಪಟ್ಟಿ ಹಾಕಿದವನೂ ಇವನೇ. ಅದಕ್ಕೇ ಅವನ ಮೇಲೆ ನನಗೆ ಇಷ್ಟು ಸಿಟ್ಟು.

ನನ್ನನ್ನು ಕಿಣ್ಣಿ ಸುಲ್ತಾನಕ್ಕೆ ಕೊಟ್ಟರು. ಮದುವೆಯಾದ ವರ್ಷವೇ ನನ್ನ ಗಂಡ ಮುಖದ ತುಂಬ ನಗು ಹೊತ್ತು ಅಣ್ಣನ ಅಂಗಡಿಗೆ ಬಂದು ಒಂದು ಫೋಟೋ ಮುಂದಿಟ್ಟರು.

"ಪಾರ್ಟಿ ಗಾಡಿ ಒಮ್ಮೆ ನಮ್ಮೂರ ಮುಂದ ಕೆಟ್ಟು ನಿಂತಿತ್ರಿ. ರಾಜು ನಮ್ಮನ್ಯಾಗ ರೊಟ್ಟಿ ಉಂಡು, ನನ್ನ ಎದುರಿಗೇ ಸಹಿ ಮಾಡಿ ಕೊಟ್ಟಾನ. ನಿಮಗಂತನೇ ತಂದೇನಿ."

ಅಣ್ಣ ಮೂಸಿದ, ನೆಕ್ಕಿದ, ಗೋಡೆಯ ಫೋಟೋಗಳ ಪಕ್ಕ ಹಿಡಿದು ನೋಡಿದ. "ಗ್ವಾಡಿ ಮ್ಯಾಲಿಂದು ನೋಡ್ರಿ, ನೀರು ಹರದಂಗ ಅದ. ಇದು ಕುಂಟಾಕತ್ತದ. ಖೊಟ್ಟಿ! ಥೂ!"

"ನಾ ಕಣ್ಣಾರೆ ನೋಡೇನ್ರಿ."

"ಹಂಗಾರ ನೀವೂ ಸುಳ್ಳು ಹೇಳಾಕತ್ತೀರಿ."

ಪಟ ಕೊಳ್ಳಲು ಬಂದ ಯಾತ್ರಿಕರೆಲ್ಲ ನಕ್ಕರು. ಗಂಡ ಫೋಟೋವನ್ನು ಟವೆಲಿನಲ್ಲಿ ಸುತ್ತಿಕೊಂಡು ಎದ್ದರು, ಮತ್ತೆ ಆ ಊರಿಗೆ ಕಾಲಿಡಲಿಲ್ಲ. "ನೀ ಹೋಗು, ಬ್ಯಾಡನ್ನಂಗಿಲ್ಲ," ಎಂದರು ನನಗೆ. ಆದರೆ ಕರೆಯಲು ಯಾರೂ ಬರದೆ ತವರಿಗೆ ಹೋಗುವುದು ಹೇಗೆ? ಹೇಳಿದ್ದು ಸುಳ್ಳೆಂದು ನನ್ನ ಗಂಡ ಒಪ್ಪಿಕೊಳ್ಳುವ ತನಕ ಕರೆಯಲು ಬರುವುದಿಲ್ಲ ಎಂದು ಅಣ್ಣ ಹೇಳಿ ಕಳಿಸಿದ್ದ. ಪ್ರತಿ ನಾಗರಪಂಚಮಿಗೂ ಓಣಿಯ ಸೊಸೆಯಂದಿರನ್ನು ಕರೆಯಲು ಅವರ ಅಣ್ಣತಮ್ಮಂದಿರು ಬರುತ್ತಿದ್ದರು. ನಾನು ಉಂಡಿ ಕಟ್ಟಿ ನನ್ನ ಮಕ್ಕಳಿಗೇ ತಿನ್ನಿಸುತ್ತಿದ್ದೆ. ಅವ್ವ ಸತ್ತಾಗ ಮಾತ್ರ ಹೋದೆ. ಮಣ್ಣು ಮುಗಿದ ಮೇಲೆ ಅದೇ ಸಂಜೆ ಬಸ್ ಹತ್ತಿದೆ. ಯಾವನೋ ಗೀಚಿದ ಒಂದು ಗೀಟಿಗಾಗಿ ಇಷ್ಟೆಲ್ಲ. ನೆನೆದರೆ ಈಗಲೂ ಹೇಸಿಗೆಯಾಗುತ್ತದೆ.

ತೊಂಬತ್ತರ ದಶಕದಲ್ಲಿ, ಪಂಚಮಿ ಹತ್ತಿರವಿದ್ದಾಗ, ಒಂದು ಮಧ್ಯಾಹ್ನ ಅಣ್ಣ ತಾನಾಗಿಯೇ ನಮ್ಮ ಬಾಗಿಲಿಗೆ ಬಂದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಚಹಾ ಮಾಡಿ ಕೊಟ್ಟೆ. ಅವನು ನನ್ನ ಗಂಡನ ಕಡೆ ತಿರುಗಿ ಕೂತಿದ್ದ.

"ಮಾವಾರ, ರಾಜು ದತ್ತನ ದರ್ಶನಕ್ಕ ಬಂದಿದ್ದ. ನನ್ನ ಅಂಗಡ್ಯಾಗ ಕುಂತು ಸಹಿ ಮಾಡಿದ. ಕುಂಟಿತ್ರಿ. ಖೊಟ್ಟಿ ಅಂತ ಅವನ ಮುಖಕ್ಕೇ ಅಂದೆ. ಅಂವ ನಕ್ಕ. ಮಾರೋ ಫೋಟೋಕ್ಕೆಲ್ಲ ಡ್ರಮ್ ಬಡಿಯಾಂವನೇ ಸಹಿ ಹಾಕ್ತಿದ್ನಂತ. ನನ್ನ ಗ್ವಾಡಿ ಪೂರಾ ಖೊಟ್ಟಿರಿ."

ಗಂಡ ನಗಲಿಲ್ಲ. ನಾನು ಕಾಯುತ್ತಿದ್ದೆ. ತಪ್ಪಾಯಿತು ಎಂಬ ಒಂದು ಮಾತು ಸಾಕಿತ್ತು. ಅಷ್ಟು ವರ್ಷಗಳನ್ನು ನುಂಗಿಕೊಳ್ಳಲು ತಯಾರಿದ್ದೆ.

"ಆ ಫೋಟೋ ಇನ್ನಾ ಇಟ್ಟೀರೇನ್ರಿ?" ಎಂದು ಕೇಳಿದ ಅಣ್ಣ.

ನನ್ನ ಗಂಡ ಎಂಥ ಮನುಷ್ಯರೋ! ಎದ್ದು ಹೋಗಿ ಟ್ರಂಕಿನಿಂದ ತೆಗೆದು ತಂದರು. ಅಣ್ಣ ಅದನ್ನು ಬೆಳಕಿಗೆ ಹಿಡಿದು ನೋಡಿದ. ಈ ಸಲ ನೆಕ್ಕಲಿಲ್ಲ. ಎರಡೂ ಕಣ್ಣಿಗೆ ಒತ್ತಿಕೊಂಡ, ಕಣ್ಣು ತುಂಬಿ ಬಂದವು. ಅವ್ವನ ಮಣ್ಣಿನ ದಿನದ ನಂತರ ಅವನು ನನ್ನನ್ನು ನೋಡುತ್ತಿದ್ದುದು ಅದೇ ಮೊದಲು, ನನಗಾಗಿ ಆ ಕಣ್ಣು ತುಂಬಿರಲಿಲ್ಲ.

"ನಿಮಗಂತನೇ ತಂದಿದ್ದೆ. ಒಯ್ರಿ," ಎಂದರು ಗಂಡ.

ಹೇಸಿಕೊಂಡೇ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟೆ. ಒಡಹುಟ್ಟಿದವನನ್ನು ಬರಿಗೈಯಲ್ಲಿ ಕಳಿಸಲಾಗುತ್ತದೆಯೇ? ಬಸ್ ನಿಲ್ಲುವಲ್ಲಿಗೂ ಜೊತೆಗೆ ನಡೆದೆ. ಹಬ್ಬಕ್ಕೆ ಬಾ ಎಂದು ಈಗಲಾದರೂ ಅಂದಾನು ಎಂದುಕೊಂಡು ದಾರಿಯುದ್ದಕ್ಕೂ ಅವನ ಬಾಯಿ ನೋಡುತ್ತಿದ್ದೆ. ಅವನ ಕಣ್ಣು ಎದೆಗವಚಿಕೊಂಡ ಫೋಟೋದ ಮೇಲಿತ್ತು. ಆಮೇಲೆ ಅವನು ಬದುಕಿದ್ದು ಕೆಲವೇ ತಿಂಗಳು. ನಾನು ಅವನನ್ನು ಕಡೆಯ ಸಲ ನೋಡಿದ್ದು ಅಂದೇ. ಬಸ್ ಹೊರಟಾಗ ಕಿಟಕಿಯಿಂದ ಕತ್ತು ಹೊರಗೆ ಹಾಕಿ "ತಂಗೀ!" ಎಂದು ಕೂಗಿದ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್ಸಿನ ಪಕ್ಕದಲ್ಲೇ ಓಡಿದೆ.

"ಇದಕ್ಕ ಛಲೋ ಗ್ಲಾಸ್ ಹಾಕ್ತೇನಿ. ನೀ ಏನೂ ಕಾಳಜಿ ಮಾಡಬ್ಯಾಡ," ಎಂದ.