ಕರೆಂಟು ಹಾಸಿಗೆಯ ಪಿಳ್ಳೆಗಳು

ಬೆಳಕು ಹರಿಯುವ ಹೊತ್ತು. ಸಪ್ಪಲಮ್ಮ ಮಂಡಿಯೂರಿ, ಕೆನ್ನೆಯನ್ನು ನೆಲಕ್ಕೆ ಹಚ್ಚಿ, ಮೂಲೆಯೊಳಗೆ ಇಣುಕುತ್ತಿದ್ದಾರೆ. ಅವರ ಬಗ್ಗೆ ಬರೆಯಲು ಬಂದ ನಾನು ಪೆನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದೇನೆ.

"ಒಳಕ್ ಬನ್ನಿ ಸ್ವಾಮಿ. ಬಾಗ್ಲು ಮುಚ್ಕಳಿ, ಚಳಿಗಾಳಿ ನುಗ್ತದೆ," ಎನ್ನುತ್ತಾರೆ. ಮುಚ್ಚುತ್ತೇನೆ. "ಅಯ್ಯೋ, ಪೂರ್ತಿ ಮುಚ್ಬ್ಯಾಡಿ, ಮಡಕೇಲಿ ಕೆಂಡ ಐತೆ, ಉಸಿರು ಕಟ್ತದೆ!" ಮತ್ತೆ ಅರ್ಧ ತೆರೆಯುತ್ತೇನೆ. ಈ ಮನೆಯಲ್ಲಿ ನನ್ನ ಗೊಂದಲ ಶುರುವಾಗುವುದು ಹೀಗೆ.

ನಂದಗುಡಿಯ ಆಚೆಯ ಈ ಊರಿನಲ್ಲಿ ಸಪ್ಪಲಮ್ಮನ ಮನೆ ಯಾವುದೆಂದು ಕೇಳಿದರೆ ಜನ ತಬ್ಬಿಬ್ಬಾಗುತ್ತಾರೆ. ಪಿಳ್ಳೆ ಸಪ್ಪಲಮ್ಮ ಎಂದರೆ ಕೈಹಿಡಿದು ತಂದು ಬಿಡುತ್ತಾರೆ. ಇಲ್ಲಿ ಪಿಳ್ಳೆಯೆಂದರೆ ಕೋಳಿಮರಿ. ಹೊಸಕೋಟೆ ರಸ್ತೆಯಲ್ಲಿ ಕೋಳಿ ಶೆಡ್ಡು ಕಟ್ಟಿರುವ ಕೊಂಡಪ್ಪ, ಬೆಂಗಳೂರಿನಿಂದ ಆಗತಾನೆ ಮೊಟ್ಟೆಯೊಡೆದ ಬಿಳಿ ಮರಿಗಳನ್ನು ಪೆಟ್ಟಿಗೆಯಲ್ಲಿ ತರಿಸಿ ಇವರಿಗೆ ಕೊಡುತ್ತಾರೆ. ತಾಯಿಯಿಲ್ಲದ ಆ ಮರಿಗಳಿಗೆ ರೆಕ್ಕೆಪುಕ್ಕ ಬರುವವರೆಗೆ ಕಾವು ಕೊಟ್ಟು, ನುಚ್ಚು ನೀರು ನೋಡಿಕೊಂಡು, ಗಟ್ಟಿಯಾದ ಮೇಲೆ ಒಪ್ಪಿಸುವುದು ಸಪ್ಪಲಮ್ಮನ ಕೆಲಸ. ಪೆಟ್ಟಿಗೆಗೆ ಐವತ್ತೋ ಅರವತ್ತೋ ಬರುತ್ತವೆ. ಎಣಿಸಲು ಹೋದರೆ ಒಂದರ ಮೇಲೊಂದು ಹತ್ತಿ ಲೆಕ್ಕ ತಪ್ಪಿಸುತ್ತವಂತೆ. ನಾನೂ ಎಣಿಸಿ ಸೋತೆ.

ಮೊದಲೆಲ್ಲ ಕೆಂಡದ ಮಡಕೆಯೇ ಗತಿ. ಹೊಗೆಯಾಡದ ಕೆಂಡಕ್ಕೆ ಬೂದಿ ಮುಚ್ಚಿ, ಸುತ್ತ ಮರಿಗಳನ್ನು ಬಿಟ್ಟು, ಆಗಾಗ ಎದ್ದು ಕೆದಕಬೇಕು. ಅಕ್ಕನ ನಿದ್ದೆಗೇಡು ನೋಡಲಾರದೆ, ಬೆಂಗಳೂರಿನ ನರ್ಸಿಂಗ್ ಹೋಮಿನಲ್ಲಿ ಕೆಲಸಕ್ಕಿರುವ ತಮ್ಮ ಮುನಿಸ್ವಾಮಿ ಈ ಚಳಿಗಾಲದ ಶುರುವಿನಲ್ಲಿ ಒಂದು ಹೊಸ ಸಾಮಾನು ತಂದ. ಸೊಂಟನೋವಿನವರು ಶಾಖ ತೆಗೆದುಕೊಳ್ಳುವ, ಬಟ್ಟೆಯ ಹೊದಿಕೆಯ ಚಪ್ಪಟೆ ದಿಂಬಿನಂಥದ್ದು. ಪ್ಲಗ್ಗು ಚುಚ್ಚಿದರೆ ಬಿಸಿಯಾಗುತ್ತದೆ. ಅದಕ್ಕೆ ಕನ್ನಡದಲ್ಲಿ ಏನೆನ್ನಬೇಕೋ ಅವನಿಗೂ ಗೊತ್ತಿರಲಿಲ್ಲ. "ಕರೆಂಟು ಹಾಸಿಗೆ ಕಣಕ್ಕ" ಎಂದುಬಿಟ್ಟ.

"ಹಾಸಿಗೆ ಅಂದ, ಹಾಸ್ದೆ," ಎನ್ನುತ್ತಾರೆ ಸಪ್ಪಲಮ್ಮ. "ಹಾಸಿಗೇನ ಇನ್ನೇನ್ ಮಾಡ್ತಾರೆ, ನೀವೇ ಹೇಳಿ?"

ಹಾಸಿ, ಅದರ ಮೇಲೆ ಮರಿಗಳನ್ನು ಬಿಟ್ಟರು. ಕಾಲಡಿಯೆಲ್ಲ ಬಿಸಿ, ಬೆನ್ನೆಲ್ಲ ತಣ್ಣಗೆ. ಮರಿಗಳು ಬಾಯಿ ಕಳೆದು ಏದುಸಿರು ಬಿಟ್ಟವು, ಮೂಲೆಗೆ ಓಡಿ ಒಂದನ್ನೊಂದು ತುಳಿದವು. ಅವಕ್ಕೆ ಚಳಿಯಾಯಿತೋ ಸೆಕೆಯಾಯಿತೋ ಸಪ್ಪಲಮ್ಮನಿಗೆ ತಿಳಿಯಲಿಲ್ಲ. ಬಿಸಿ ಹೆಚ್ಚಿಸಿದರು. ಅರ್ಧಕ್ಕಿಂತ ಹೆಚ್ಚು ಸತ್ತವು. ಮುಂದಿನ ಪೆಟ್ಟಿಗೆ ತಂದ ಕೊಂಡಪ್ಪ, ಇದೂ ಹೋದರೆ ಇನ್ನು ಈ ಮನೆಗೆ ಮರಿ ತರುವುದಿಲ್ಲ ಎಂದು ಹೇಳಿಯೇ ಹೋದರು. ಬೀದಿಯವರು ಪಾಪವೆಂದೋ ಏನೋ, ಪಿಳ್ಳೆ ಸಪ್ಪಲಮ್ಮ ಎಂದು ಎದುರಿಗೆ ಕೂಗುವುದನ್ನೇ ಬಿಟ್ಟರು. ಅದು ಸಪ್ಪಲಮ್ಮನಿಗೆ ಬೈಗುಳಕ್ಕಿಂತ ಹೆಚ್ಚು ನೋವು ತಂದಿತು.

ಹೊಸ ಮರಿಗಳನ್ನು ಮುಂದಿಟ್ಟುಕೊಂಡು ಅವರು ಏನೂ ತೋಚದೆ ಕುಳಿತಿದ್ದಾಗ, ಅಂಗಳದಲ್ಲಿ ಮನೆಯ ನಾಟಿಕೋಳಿ ರೆಕ್ಕೆ ಹರಡಿ ಕೂತಿತ್ತು. ಅದರ ಮರಿಗಳು ಹೊಟ್ಟೆಯಡಿ ನುಗ್ಗಿ ತಮ್ಮ ಬೆನ್ನನ್ನು ಅದಕ್ಕೆ ಒತ್ತುತ್ತಿದ್ದವು. "ಹುಟ್ಟಿದಾಗ್ಲಿಂದ ನೋಡಿವ್ನಿ, ಆವತ್ತೇ ಕಂಡಿದ್ದು. ಮರಿಗೆ ಅವ್ವ ಹಾಸಿಗೆ ಅಲ್ಲ, ಹೊದಿಕೆ."

ಈಗ ಮೂಲೆಯಲ್ಲಿ ಇಟ್ಟಿಗೆಗಳ ಮೇಲೆ ಬಾಗಿಸಿದ ತಂತಿ ಜಾಲರಿಯಿದೆ. ಅದರ ಮೇಲೆ ಹಳೆ ಸೀರೆ ಸುತ್ತಿದ ಕರೆಂಟು ಹಾಸಿಗೆ. ಕೆಳಗೆ ಭತ್ತದ ಹೊಟ್ಟು. ನೀರಿನ ತಟ್ಟೆ ದೂರ, ವೈರು ಮರಿಗಳ ಕೊಕ್ಕಿಗೆ ಸಿಗದಷ್ಟು ಎತ್ತರ. ಸೆಕೆಯಾದರೆ ಹೊರಬರಲು ಒಂದು ಕಡೆ ತೆರೆದಿದೆ. ಬೇಕಾದವು ಒಳಗೆ, ಬೇಡವಾದವು ಹೊರಗೆ. ಇಷ್ಟಾದರೂ ಸಪ್ಪಲಮ್ಮನ ಮುಖದಲ್ಲಿ ನೆಮ್ಮದಿಯಿಲ್ಲ.

ಏಕೆಂದು ಕೇಳುವಷ್ಟರಲ್ಲಿ ತಲೆಯ ಮೇಲಿನ ಬಲ್ಬು ಆರುತ್ತದೆ. ಕರೆಂಟು ಹೋಯಿತು.

ಹಾಸಿಗೆ ಮೆಲ್ಲಗೆ ಆರುತ್ತಿದೆ. ಕೆಂಡದ ಮಡಕೆ ಅಲ್ಲೇ ಪಕ್ಕದಲ್ಲಿದೆ, ಬೆಚ್ಚಗಿದೆ. ಮರಿಗಳು ತಾವಾಗಿ ಅದರ ಬಳಿ ಹೋಗುತ್ತವೆಂದು ನಾನು ಕಾಯುತ್ತೇನೆ. ಒಂದೂ ಕದಲುವುದಿಲ್ಲ. ಇನ್ನೂ ಒಳಕ್ಕೆ ಒತ್ತಿಕೊಳ್ಳುತ್ತವೆ.

"ಇದೇ ನೋಡಿ ಸ್ವಾಮಿ ನಂಗೆ ಭಯ," ಎನ್ನುತ್ತಾರೆ ಅವರು, ಕೈ ಒಳಗೆ ಹಾಕುತ್ತಾ. "ಅದನ್ನ ಅವ್ವ ಅಂದ್ಕಂಡವೆ. ತಣ್ಣಗಾದ್ರೂ ಬಿಟ್ಟು ಬರಾಕಿಲ್ಲ. ಅಲ್ಲೇ ಸೆಟ್ಕಂಡ್ ಹೋಗ್ತವೆ. ಒಳ್ಳೇದ್ ಮಾಡಿದ್ನೋ ಕೆಟ್ಟದ್ ಮಾಡಿದ್ನೋ, ನಂಗೊಂದೂ ತಿಳೀವಲ್ದು."

ಹಿಡಿಹಿಡಿಯಾಗಿ ಮರಿಗಳನ್ನು ತೆಗೆದು ಮಡಕೆಯ ಸುತ್ತ ಬಿಡುತ್ತಾರೆ. ಬಿಟ್ಟವು ಕಿಚಿಕಿಚಿ ಅರಚುತ್ತಾ ತಣ್ಣನೆಯ ಗೂಡಿಗೇ ಓಡುತ್ತವೆ. ಮತ್ತೆ ತರುತ್ತಾರೆ. ನಾನೂ ಪೆನ್ನು ಕೆಳಗಿಟ್ಟು ಹಿಡಿಯಲು ಹೋಗಿ ನುಚ್ಚಿನ ತಟ್ಟೆ ಮಗುಚುತ್ತೇನೆ. ಕೊನೆಗೆ ಅವರು ಜಾಲರಿಯನ್ನೇ ಎತ್ತಿ ಗೋಡೆಗೆ ಒರಗಿಸುತ್ತಾರೆ. ಓಡಿಹೋಗಲು ಜಾಗವಿಲ್ಲದೆ ಮರಿಗಳು ಸ್ವಲ್ಪ ಹೊತ್ತು ಅತ್ತು, ಒಂದೊಂದಾಗಿ ಮಡಕೆಯ ಬಳಿ ಕೂರುತ್ತವೆ.

ಬಿಸಿಲೇರುವ ಹೊತ್ತಿಗೆ ಕೊಂಡಪ್ಪ ಬರುತ್ತಾರೆ. ಬಗ್ಗಿ, ಒಂದು ಮರಿ ಎತ್ತಿ, ಹೊಟ್ಟೆ ಮುಟ್ಟಿ ನೋಡಿ ಕೆಳಗೆ ಬಿಡುತ್ತಾರೆ. ಅದು ಓಡುತ್ತದೆ. ಇನ್ನೊಂದನ್ನು ಎತ್ತುತ್ತಾರೆ. ಸಪ್ಪಲಮ್ಮ ಸೆರಗು ಹಿಂಡುತ್ತಾ ನಿಂತಿದ್ದಾರೆ.

"ಪರವಾಗಿಲ್ಲ ಕಣಕ್ಕ, ಎಲ್ಲಾ ಚೂಟಿಯಾಗವೆ," ಎನ್ನುತ್ತಾರೆ ಕೊಂಡಪ್ಪ. "ಶುಕ್ರವಾರ ಇನ್ನೊಂದ್ ಪೆಟ್ಟಿಗೆ ಕಳಿಸ್ತೀನಿ. ಅಂದಂಗೆ, ಯಾವುದ್ರಿಂದ ಉಳಿದ್ವು ಇವು? ಮಡಕೇನೋ, ಕರೆಂಟೋ? ಮರಿ ಸಾಕೋ ಬೇರೇವ್ರಿಗೂ ಅದನ್ನೇ ಹೇಳ್ತೀನಿ."

ಸಪ್ಪಲಮ್ಮ ಮಡಕೆಯನ್ನು ನೋಡುತ್ತಾರೆ, ಹಾಸಿಗೆಯನ್ನು ನೋಡುತ್ತಾರೆ.

"ಅದು ನಂಗೂ ಗೊತ್ತಾಗ್ಲಿಲ್ಲ ಕಣಣ್ಣ," ಎನ್ನುತ್ತಾರೆ. "ಕಾವು ಎರಡ್ರದ್ದೂ ಇತ್ತು. ತಣ್ಣಗಾದಾಗ ಬಿಡಿಸ್ಕಂಡ್ ಬಂದಿದ್ದು ಮಾತ್ರ ನಾನೇಯ."