ನೀರು ನುಗ್ಗದ ಬೂಟು

ನಮ್ಮ ಯಜಮಾನರು ತಮ್ಮ ಸ್ವಂತ ಚರ್ಮಕ್ಕೆ ಎಂದೂ ಎಣ್ಣೆ ಮುಟ್ಟಿಸಿದವರಲ್ಲ. ಚಳಿಗಾಲದಲ್ಲಿ ಹಿಮ್ಮಡಿ ಒಡೆದು ಬೇಸಿಗೆಯ ಕೆರೆಯಂಗಳದಂತೆ ಬಾಯಿಬಿಟ್ಟರೂ, ನಾನು ಕೊಟ್ಟ ಮುಲಾಮನ್ನು ಕಿಟಕಿಯ ಮೇಲಿಟ್ಟು ಮರೆಯುತ್ತಾರೆ. ಅಂಥ ಮನುಷ್ಯ ಎಂದೋ ಸತ್ತ ಯಾವುದೋ ಎಮ್ಮೆಯ ಚರ್ಮಕ್ಕೆ ಬೆಳಗ್ಗೆ ಸಂಜೆ ಎಣ್ಣೆ ತಿಕ್ಕಿ, ಮೃದುವಾಯಿತೇ ಎಂದು ಕೆನ್ನೆಗೆ ಒತ್ತಿ ನೋಡಿಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಗ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಈಗಲೂ ನಗುತ್ತೇನೆ. ಆದರೆ ನಗು ಅರ್ಧಕ್ಕೆ ಬರುವಷ್ಟರಲ್ಲಿ ಕೆರೆಕೋಡಿಯ ಸದ್ದು ಕಿವಿಗೆ ಬೀಳುತ್ತದೆ, ಉಳಿದರ್ಧ ಅಲ್ಲಿಗೇ ನಿಲ್ಲುತ್ತದೆ. ಆ ಎಣ್ಣೆ ಅವರನ್ನು ಎಲ್ಲಿಗೆ ಕರೆದುಕೊಂಡು ಹೋಗಿ ನಿಲ್ಲಿಸಿತು ಎಂಬುದಕ್ಕೆ ನಾನೇ ಸಾಕ್ಷಿ.

ಅವರು ಜೀವವಿಮೆಯ ಏಜೆಂಟು. ಮುಳಬಾಗಿಲಿನಿಂದ ನಂಗಲಿಗೆ, ನಂಗಲಿಯಿಂದ ಬೈರಕೂರಿಗೆ ಬೈಕಿನಲ್ಲಿ ತಿರುಗಿ, ಗಟ್ಟಿಮುಟ್ಟಾಗಿರುವ ಜನರಿಗೆ ಸಾವಿನ ನೆನಪು ಮಾಡಿಕೊಡುವುದು ಅವರ ಉದ್ಯೋಗ. ತಮ್ಮ ಪಾಲಿಗೆ ಮಾತ್ರ ಆ ಭಯವನ್ನು ಇಟ್ಟುಕೊಂಡಿಲ್ಲ. ಮಿಠಾಯಿ ಮಾರುವವರು ಮಿಠಾಯಿ ತಿನ್ನುವುದಿಲ್ಲವಲ್ಲ, ಹಾಗೆ. ಒಂದು ದಿನ ಫೋನಿನಲ್ಲಿ, ಯಾವುದೋ ಹಿಮದ ದೇಶದ ಗಡ್ಡದವನೊಬ್ಬ ಚರ್ಮದ ಬೂಟು ತೊಟ್ಟು ಹೊಳೆಯ ನಡುವೆ ನಿಂತು ಕಾಫಿ ಕುಡಿಯುವುದನ್ನು ನೋಡಿದರು. ಮುಂದಿನ ವಾರ ಮನೆಗೆ ರಟ್ಟಿನ ಪೆಟ್ಟಿಗೆ ಬಂತು. ಅದರೊಳಗೆ ಮೀನಖಂಡದ ಅರ್ಧದವರೆಗೆ ಬರುವ, ಕಾಫಿಬಣ್ಣದ, ನೋಡಿದರೆ ಸಲಾಂ ಹೊಡೆಯಬೇಕೆನಿಸುವ ಒಂದು ಜೊತೆ ಬೂಟು.

ಕೋಲಾರದ ಕಡೆಯ ಮನುಷ್ಯನಿಗೆ ನೀರು ನುಗ್ಗದ ಬೂಟು ಯಾಕೆ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದೆ. ಮಾಲೂರಿನಿಂದ ಶ್ರೀನಿವಾಸಪುರದವರೆಗೆ ಯಾರನ್ನೇ ವಿಚಾರಿಸಿ, ನೀರನ್ನು ಒಳಗೆ ತರುವುದು ಹೇಗೆ ಎಂದು ತಲೆ ಕೆಡಿಸಿಕೊಂಡವರೇ ಎಲ್ಲರೂ. ಸಾವಿರ ಅಡಿ ಕೊರೆಸಿ ಧೂಳು ಕಂಡು ಮನೆಗೆ ಬಂದವರು ನಾವು. ನೀರನ್ನು ಹೊರಗಿಡುವುದು ಹೇಗೆ ಎಂದು ಯೋಚಿಸಿದ ಮೊದಲ ಮಹಾಪುರುಷ ನಮ್ಮ ಮನೆಯಲ್ಲೇ ಹುಟ್ಟಬೇಕಿತ್ತು.

ಚರ್ಮದ ಆರೈಕೆ ಒಂದು ಶಾಸ್ತ್ರವೇ ಹೌದು. ಅದನ್ನು ಹಾಸ್ಯ ಮಾಡಲಾರೆ. ಪ್ರಾಣಿ ಬದುಕಿರುವಾಗ ಚರ್ಮಕ್ಕೆ ಬೇಕಾದ ಜಿಡ್ಡು ಒಳಗಿನಿಂದ ಒದಗುತ್ತಿರುತ್ತದೆ. ಸತ್ತ ಮೇಲೆ ಒದಗಿಸುವವರು ಯಾರು? ಹಾಗಾಗಿ ಚರ್ಮ ಒಣಗುತ್ತದೆ, ಬಿರಿಯುತ್ತದೆ. ಎಣ್ಣೆ ಅದನ್ನು ಮೆತ್ತಗಿಡುತ್ತದೆ, ಮೇಣ ಅದರ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಮೊದಲು ಧೂಳು ಒರೆಸಬೇಕು, ತೆಳುವಾಗಿ ಎಣ್ಣೆ ಹಚ್ಚಬೇಕು, ನೆರಳಲ್ಲಿ ಆರಲು ಬಿಡಬೇಕು, ಆಮೇಲೆ ಮೇಣ. ಗಡ್ಡದವನು ಇಷ್ಟನ್ನೂ ಸಾವಧಾನವಾಗಿ ಹೇಳಿದ್ದ. ಆದರೆ ನಮ್ಮವರಿಗೆ ‘ತೆಳುವಾಗಿ’ ಎಂಬ ಮಾತು ಯಾವ ಭಾಷೆಯಲ್ಲಿ ಹೇಳಿದರೂ ಅರ್ಥವಾಗುವುದಿಲ್ಲ. ಪೊಂಗಲ್ಲಿಗೆ ಅವರು ತುಪ್ಪ ಸುರಿದುಕೊಳ್ಳುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನಡುಮನೆಯೊಳಗೆ ಚರ್ಮದ ಸಾಮಾನು ಬಂದದ್ದಕ್ಕೆ ನಮ್ಮತ್ತೆ ಮೊದಲು ಮುಖ ಸಿಂಡರಿಸಿದರು. ಯಾವ ಎಣ್ಣೆ ಹಚ್ಚುವುದು ಎಂಬ ಚರ್ಚೆ ಶುರುವಾದದ್ದೇ ಅವರ ಮುಖ ಸಡಿಲವಾಯಿತು. ಅವರ ತವರು ತಾಯಲೂರಿನ ಹತ್ತಿರದ ಒಂದು ಹಳ್ಳಿ. ಅಲ್ಲಿ ಅವರ ಚಿಕ್ಕಂದಿನಲ್ಲಿ ತೋಟಕ್ಕೆ ಕಪಿಲೆಯಿಂದ ನೀರೆತ್ತುತ್ತಿದ್ದರು. ಎತ್ತುಗಳು ಹಗ್ಗ ಎಳೆದರೆ ದೊಡ್ಡ ತೊಗಲಿನ ಚೀಲವೊಂದು ಬಾವಿಯಲ್ಲಿ ಮುಳುಗಿ, ತುಂಬಿ, ಮೇಲೆ ಬಂದು ಕಾಲುವೆಗೆ ನೀರು ಸುರಿಯುತ್ತಿತ್ತು.

“ನಮ್ಮಪ್ಪ ಆ ಚೀಲಕ್ಕೆ ಹೊಂಗೆ ಎಣ್ಣೆ ಹಾಕಿ ತಿಕ್ತಿದ್ರು ಕಣೋ ಮಂಜ,” ಎಂದರು ಮಗನಿಗೆ. “ಅಷ್ಟು ಆಳದಿಂದ ಮೇಲಕ್ಕೆ ಬರೋಗಂಟ ಒಂದು ತೊಟ್ಟು ಸೋರ್ತಿರಲಿಲ್ಲ.”

ಯಜಮಾನರಿಗೆ ಇಷ್ಟು ಸಾಕಾಯಿತು. ಗಡ್ಡದವನು ಆ ಕ್ಷಣವೇ ಮಗ್ಗುಲಿಗೆ ಸರಿದ. ನಮ್ಮ ಪರಂಪರೆ ಅವನ ಜಾಗದಲ್ಲಿ ಬಂದು ಕೂತಿತು. ನೀರು ಸೋರದ ಚರ್ಮ ಎಂದರೆ ನೀರು ಸೋರದ ಚರ್ಮ, ಅದರಲ್ಲಿ ಬೇರೆ ಏನಿದೆ ಎಂದು ತಾಯಿ ಮಗ ತೀರ್ಮಾನಿಸಿದರು. ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ನಾನೂ ತಲೆಯಾಡಿಸಿದೆ.

ನಾನು ಬೇರೆ ಒಂದು ಪ್ರಶ್ನೆ ಕೇಳಿದೆ: ಆ ಚೀಲ ಹೊಲಿದು ಕೊಡುತ್ತಿದ್ದವರು ಯಾರು? ಅತ್ತೆ, ಅವನು ಬಾವಿಯ ಹತ್ತಿರ ಬರುತ್ತಿರಲಿಲ್ಲ, ಚೀಲವನ್ನು ದೂರದಲ್ಲಿಟ್ಟು ಹೋಗುತ್ತಿದ್ದ ಎಂದರು. ಅವನು ಹೊಲಿದ ತೊಗಲು ದಿನವೆಲ್ಲ ಬಾವಿಯಲ್ಲಿ ಮುಳುಗಿ ಏಳಬಹುದಿತ್ತು, ಆ ನೀರನ್ನು ಮನೆಮಂದಿಯೆಲ್ಲ ಕುಡಿಯಬಹುದಿತ್ತು, ಅವನ ಕೈ ಮಾತ್ರ ತಾಗಬಾರದಿತ್ತು. ಈಗ ಅದೇ ತೊಗಲು ಕಂಪನಿಯ ಪೆಟ್ಟಿಗೆಯಲ್ಲಿ ಬಂದರೆ ಟಿವಿಯ ಮುಂದೆ, ಟೀಪಾಯಿಯ ಮೇಲೆ ಕೂರುತ್ತದೆ. ಏನೂ ಒಳಗೆ ಇಳಿಯದ ಹಾಗೆ ಬುದ್ಧಿಗೆ ಮೇಣ ಬಳಿದುಕೊಳ್ಳುವ ವಿದ್ಯೆಯಲ್ಲಿ ನಮ್ಮ ಮನೆತನಗಳು ಯಾವ ಕಂಪನಿಗೂ ಕಡಿಮೆಯಿಲ್ಲ.

ಹೊಂಗೆ ಎಣ್ಣೆಯ ವಾಸನೆ ಗೊತ್ತಿರುವವರಿಗೆ ಹೇಳಬೇಕಾಗಿಲ್ಲ. ಗೊತ್ತಿಲ್ಲದವರಿಗೆ ಹೇಳಿ ಅವರ ಊಟ ಕೆಡಿಸಲಾರೆ. ಮನೆಗೆ ಬಂದವರು ಕಾಫಿ ಬೇಡವೆಂದು ಎದ್ದು ಹೋಗತೊಡಗಿದರು. ಎಣ್ಣೆ ಮುಗಿದ ಮೇಲೆ ಜೇನುಮೇಣ ಬಂತು. ಅದನ್ನು ನನ್ನ ಒಗ್ಗರಣೆ ಸೌಟಿನಲ್ಲಿ ಕರಗಿಸಿ ಹೊಲಿಗೆಗೆ, ಲೇಸಿಗೆ, ಕೊನೆಗೆ ಬೂಟಿನ ತಳಕ್ಕೂ ಬಳಿದರು. ತಳಕ್ಕೆ ಯಾಕೆ ಎಂದು ಕೇಳಿದರೆ, ನೀರು ಮೊದಲು ಮುಟ್ಟುವುದು ತಳವನ್ನೇ ಅಲ್ಲವೇ ಎಂದು ನನಗೇ ಪಾಠ ಹೇಳಿದರು. ಆಮೇಲೆ ಬಚ್ಚಲಲ್ಲಿ ಬಕೆಟ್ಟಿನೊಳಗೆ ಕಾಲಿಟ್ಟು ಬಹಳ ಹೊತ್ತು ನಿಂತು, ಹೊರಗೆ ಬಂದು, ಪಕ್ಕದ ಮನೆಯವರನ್ನು ಕರೆದು ಕಾಲುಚೀಲ ಮುಟ್ಟಿಸಿದರು. ಒಣಗಿತ್ತು. ಆ ಬಡಪಾಯಿಗಳು ಬೆರಳನ್ನು ಪಂಚೆಗೆ ಒರೆಸಿಕೊಂಡು, ಒಣಗಿದೆ ಎಂದು ಸಾಕ್ಷಿ ಹೇಳಿ ಹೋದರು.

ಆ ವರ್ಷ ಮಳೆಯೂ ಅವರ ಕಡೆಗೇ ಸೇರಿಕೊಂಡಿತು. ಅತ್ತೆಯ ತವರಿನ ಕೆರೆ, ನಾನು ಸೊಸೆಯಾಗಿ ಬಂದ ಮೇಲೆ ಒಮ್ಮೆಯೂ ತುಂಬದ ಕೆರೆ, ಕೋಡಿ ಹರಿಯಿತು. ಕೋಡಿ ಹರಿದರೆ ನಮ್ಮ ಕಡೆ ಯಾರಿಗೂ ಮನೆಯಲ್ಲಿ ಕೂರಲಾಗುವುದಿಲ್ಲ. ಬಾಗಿನ ಕೊಡಲು ಬಂದ ಹೆಂಗಸರು, ಚುರುಮುರಿ ಗಾಡಿಗಳು, ಮೀನಿಗೆ ಸೀರೆ ಹಿಡಿದವರು, ಸೆಲ್ಫಿಗೆ ಹಲ್ಲು ಬಿಟ್ಟವರು, ಎಲ್ಲರೂ ಏರಿಯ ಮೇಲೆ. ನೀರಿಲ್ಲದೆ ಬದುಕುವುದು ಹೇಗೆಂದು ನಮಗೆ ಕರತಲಾಮಲಕ. ನೀರಿನ ಎದುರು ನಿಲ್ಲುವುದು ಹೇಗೆಂದು ಮಾತ್ರ ಯಾರೂ ಕಲಿಸಿಲ್ಲ; ಕಲಿಸಲು ನೀರೇ ಇರಲಿಲ್ಲ.

ಅತ್ತೆ ಬಾಗಿನದ ಮೊರ ಹಿಡಿದು ಏರಿಯ ಮೇಲೆ ನಿಂತಿದ್ದರು. ಯಜಮಾನರು ನನ್ನ ಕೈಗೆ ಫೋನು ಕೊಟ್ಟು, ಕೋಡಿಯ ಕಲ್ಲುಹಾಸಿನ ಮೇಲೆ ಆ ದಡದವರೆಗೆ ನಡೆದು ತೋರಿಸುತ್ತೇನೆ, ವಿಡಿಯೋ ಮಾಡು ಎಂದರು. ಬೇಡ ಎಂದೆ. “ಒಂದು ಹನಿ ಒಳಗೆ ಬಿಡಲ್ಲ ಕಣೇ,” ಎಂದು ಇಳಿದೇಬಿಟ್ಟರು.

ಮೊದಲು ಕಾಲಿನ ಹರಡಿನವರೆಗೆ ನೀರು. ಬೂಟು ತನ್ನ ಮಾತು ಉಳಿಸಿಕೊಂಡಿತು. ಅವರು ತಿರುಗಿ ಹೆಬ್ಬೆರಳು ಎತ್ತಿದರು. ಚುರುಮುರಿಯವನೂ ಕೈ ನಿಲ್ಲಿಸಿ ನೋಡಿದ. ಆದರೆ ನಡುವೆ ಕಲ್ಲು ಸವೆದು ತಗ್ಗಾದ ಜಾಗವಿತ್ತು. ಅಲ್ಲಿ ನೀರು ಮೊಣಕಾಲಿಗೆ ಬಂತು, ಎಂದರೆ ಬೂಟಿನ ಬಾಯಿಗಿಂತ ಮೇಲಕ್ಕೆ. ಬೂಟಿಗೆ ಬಾಯಿಯೂ ಒಂದಿದೆ, ಅದಕ್ಕೆ ಯಾವ ಮೇಣವನ್ನೂ ಬಳಿಯಲಾಗುವುದಿಲ್ಲ ಎಂಬುದು ಹೊಳೆದದ್ದು ನನಗೆ ಆಗಲೇ. ಎರಡೂ ಬೂಟು ಬಿಂದಿಗೆಯಂತೆ ತುಂಬಿಕೊಂಡವು. ಅವರು ಒಂದು ಕಾಲು ಎತ್ತಲು ಹೋದರು, ಕಾಲು ಮೇಲೆ ಬರಲಿಲ್ಲ. ಇನ್ನೊಂದು ಕಾಲು, ಮೇಣ ಬಳಿದ ತಳ, ಕೆಳಗೆ ಪಾಚಿ ಕಟ್ಟಿದ ಕಲ್ಲು. ಅವರು ಕೂತರು. ಕೂತ ಮನುಷ್ಯನನ್ನು ನೀರು ಕಲ್ಲುಹಾಸಿನ ತುದಿಯ ಕಡೆ ತಳ್ಳಿಕೊಂಡು ಹೊರಟಿತು. ತುದಿಯಾಚೆ ಎರಡಾಳು ಆಳಕ್ಕೆ ಬಂಡೆ, ಬಂಡೆಯ ನಡುವೆ ಜಾಲಿಯ ಪೊದೆ.

ತುದಿಯಲ್ಲಿ ನೆಟ್ಟಿದ್ದ ಒಂದು ಕಲ್ಲುಕಂಬ ಅವರ ತೋಳಿಗೆ ಸಿಕ್ಕಿತು. ಅದನ್ನು ಮಗು ತಾಯಿಯನ್ನು ಅಪ್ಪಿದಂತೆ ಅಪ್ಪಿಕೊಂಡರು. ಹರಿಯುವ ನೀರು ಎಷ್ಟು ಬಲದಿಂದ ತಳ್ಳುತ್ತದೆ ಎಂದು ನಾನು ವರ್ಷವರ್ಷವೂ ಬೋರ್ಡಿನ ಮೇಲೆ ಬರೆಯುತ್ತೇನೆ. ಆಗ ಬಾಯಿಂದ ಬಂದದ್ದು ಒಂದೇ ಮಾತು: “ಬೂಟು ಬಿಚ್ರೀ.”

“ಗಂಟು ಬಿಡ್ತಿಲ್ಲ ಕಣೇ,” ಎಂದರು. ಗಂಟಿಗೂ ಮೇಣ ಬಳಿದಿದ್ದರಲ್ಲ. ಆ ಮಾತನ್ನು ಅವರು ಹೇಳಿದ ದನಿ ನಮ್ಮ ಮದುವೆಯಾದಂದಿನಿಂದ ನಾನು ಕೇಳಿರದ ದನಿ. ಅದರಲ್ಲಿ ಜಂಬವಿರಲಿಲ್ಲ.

ಏರಿಯ ಮೇಲಿದ್ದವರಲ್ಲಿ ಅರ್ಧ ಜನ ಕೂಗಿದರು, ಅರ್ಧ ಜನ ಫೋನು ಎತ್ತಿದರು. ಟೊಮೆಟೊ ಸಾಗಿಸುವ ಬಾಬಾಜಾನ್ ಎಂಬುವರ ಗಾಡಿ ಅಲ್ಲೇ ನಿಂತಿತ್ತು. ಅವರು ಕ್ರೇಟುಗಳಿಗೆ ಬಿಗಿದ ಹಗ್ಗ ಬಿಚ್ಚಿ, ಒಂದು ತುದಿಯನ್ನು ಗಾಡಿಗೆ ಕಟ್ಟಿ, ಇನ್ನೊಂದನ್ನು ಸೊಂಟಕ್ಕೆ ಸುತ್ತಿಕೊಂಡು ಇಳಿದರು. “ಹಲ್ಲೂ ಅಣ್ಣಾ, ಹಲ್ಲೂ, ನಿಧಾನ. ಕದಲಬ್ಯಾಡ್ರಿ. ಕಂಬ ಬಿಡಬ್ಯಾಡ್ರಿ ನಾನ್ ಹಿಡ್ಕಳೋಗಂಟ,” ಎಂದು ಹಸುವನ್ನು ಸಂತೈಸುವಂತೆ ಹೇಳುತ್ತಲೇ ಹತ್ತಿರ ಹೋದರು. ಹೋಗುವಾಗ ಒಮ್ಮೆ ಅವರೂ ಜಾರಿದರು. ಹಗ್ಗ ಹಿಡಿದು ಎದ್ದು, ಯಜಮಾನರನ್ನು ಎರಡೂ ತೋಳಿನಿಂದ ತಬ್ಬಿ ಹಿಡಿದರು. ಕೊನೆಗೆ ಊರಿನವರು ಸೇರಿ ಹಗ್ಗ ಎಳೆದರು. ಜೀವವಿಮೆಯ ಏಜೆಂಟರು ಕೂತ ಭಂಗಿಯಲ್ಲೇ, ಬೂಟು ಮುಂದಾಗಿ, ಜಾರುತ್ತ ದಡಕ್ಕೆ ಬಂದರು.

ಕುಡುಗೋಲಿನಿಂದ ಲೇಸು ಕತ್ತರಿಸಿ ಬೂಟು ಕಿತ್ತು ಬಗ್ಗಿಸಿದರೆ ದಬದಬ ನೀರು ಸುರಿಯಿತು. ಅತ್ತೆ ಏರಿ ಇಳಿದು ಬಂದು ಮಗನನ್ನು ಮೇಲಿಂದ ಕೆಳಗೆ ನೋಡಿದರು. ಅಳಲಿಲ್ಲ.

“ಚೆನ್ನಾಗೇ ತಿಕ್ಕಿದ್ದೀಯ ಕಣ್ಲಾ,” ಎಂದರು. “ಒಂದು ತೊಟ್ಟೂ ಸೋರಿಲ್ಲ.”

ಹೌದು. ಕಪಿಲೆಯ ಚೀಲಕ್ಕೆ ಎಣ್ಣೆ ತಿಕ್ಕುತ್ತಿದ್ದುದು ಒಳಗೆ ಬಂದ ನೀರು ಹೊರಗೆ ಹೋಗದಿರಲಿ ಎಂದು. ನಮ್ಮವರು ಅದೇ ಶ್ರದ್ಧೆಯಿಂದ ಎರಡು ಕಪಿಲೆಗಳನ್ನು ತಯಾರಿಸಿ ಕಾಲಿಗೆ ಕಟ್ಟಿಕೊಂಡಿದ್ದರು. ಸುತ್ತಲಿದ್ದವರು ನಕ್ಕರು. ಅತ್ತೆಯ ಕೈಯಲ್ಲಿದ್ದ ಮೊರದಿಂದ ಅರಿಸಿನದ ಕೊಂಬುಗಳು ಒಂದೊಂದಾಗಿ ಉದುರುತ್ತಿದ್ದುದನ್ನು ನಾನೊಬ್ಬಳೇ ನೋಡಿದೆ.

ಆಮೇಲೆ ಕಥೆ ಬೆಳೆಯಿತು. ಯಜಮಾನರು ನಂಗಲಿಯಲ್ಲಿ ಹೇಳುವಾಗ ನೀರು ಸೊಂಟಕ್ಕೆ ಬಂದಿತ್ತು. ಶ್ರೀನಿವಾಸಪುರದ ಒಂದು ಮದುವೆಯ ಪಂಕ್ತಿಯಲ್ಲಿ ಕುತ್ತಿಗೆಗೆ ಏರಿತು, ಕಂಬವನ್ನು ಅವರೇ ಈಜಿ ಹಿಡಿದರು. ಮಾತು ಮುಗಿಯುವಷ್ಟರಲ್ಲಿ ಎದುರಿಗಿದ್ದವರು ಪಾಲಿಸಿ ಮಾಡಿಸಲು ಒಪ್ಪಿದ್ದೂ ಉಂಟು. ನಾನು ತಿದ್ದುವುದಿಲ್ಲ. ಕುತ್ತಿಗೆವರೆಗಿನ ನೀರಿನಿಂದ ಬದುಕಿ ಬಂದವನನ್ನು ಜನ ವೀರ ಎನ್ನುತ್ತಾರೆ. ಮೊಣಕಾಲುದ್ದದ ನೀರಿನಲ್ಲಿ ಸಾಯಲಿದ್ದವನಿಗೆ ಹೆಸರೇ ಇಲ್ಲ. ನನ್ನನ್ನು ಹೆದರಿಸುವುದು ಆ ಮೊಣಕಾಲುದ್ದವೇ. ವಿಡಿಯೋ ಇನ್ನೂ ನನ್ನ ಬಳಿ ಇದೆ. ಅವರು ಹೆಬ್ಬೆರಳು ಎತ್ತಿದ ಮೇಲೆ ಅದರಲ್ಲಿ ಕಾಣುವುದು ಆಕಾಶ, ನನ್ನ ಚಪ್ಪಲಿ, ಒಂದಿಷ್ಟು ಹುಲ್ಲು. ಉಳಿದದ್ದೆಲ್ಲ ಸದ್ದು. ಅಳಿಸಬೇಕೆಂದು ತೆಗೆಯುತ್ತೇನೆ, ಕೊನೆಯವರೆಗೆ ಕೇಳಿ, ಅವರು ದಡಕ್ಕೆ ಬಂದರೆಂದು ಖಾತ್ರಿಯಾದ ಮೇಲೆ ಮುಚ್ಚುತ್ತೇನೆ.

ಮುಂದಿನ ಮಳೆಗಾಲದಲ್ಲಿ ಕೆರೆ ಮತ್ತೆ ಕೋಡಿ ಹರಿಯಿತು. ಅತ್ತೆ ಹೊಸ ಮೊರ ತಂದರು. ಯಜಮಾನರು ಹವಾಯಿ ಚಪ್ಪಲಿ ಮೆಟ್ಟಿ ಬಂದರು. ನೀರಿನಿಂದ ಒಂದು ಮಾರು ದೂರದಲ್ಲಿ, ಒಣ ನೆಲದ ಮೇಲೆ ನಿಂತು, ಪಕ್ಕದವನಿಗೆ ಕೋಡಿಯ ಅಪಾಯಗಳ ಬಗ್ಗೆ ಉಪದೇಶ ಮಾಡತೊಡಗಿದರು. ನಡುವೆ ಮಾತು ನಿಲ್ಲಿಸಿ ನನ್ನ ಕಡೆ ಬಗ್ಗಿ, ಅಂಗಿ ಬಿಡು, ಜನ ನೋಡ್ತಾರೆ ಎಂದರು.

ಆಗಲೇ ನನಗೆ ತಿಳಿದದ್ದು, ಏರಿ ಹತ್ತಿದಾಗಿನಿಂದ ಅವರ ಅಂಗಿಯ ಹಿಂಭಾಗವನ್ನು ಮುಷ್ಟಿಯಲ್ಲಿ ಹಿಡಿದೇ ನಿಂತಿದ್ದೇನೆ ಎಂದು. ಇಸ್ತ್ರಿ ಮಾಡಿದ ಅಂಗಿ, ಪೂರ್ತಿ ಮುದುಡಿಹೋಗಿತ್ತು. ನೋಡಲಿ ಎಂದೆ.